ಉಗುಳುವ ಕೆಲಸ

ಉಗುಳುವುದಕ್ಕೆ ನನಗೆ ಸಂಬಳ.
ಇಪ್ಪತ್ತೆರಡು ವರ್ಷದಿಂದ, ಚಿಕ್ಕಮಗಳೂರಿನ
ಕ್ಯೂರಿಂಗ್ ವರ್ಕ್ಸಿನ ರುಚಿಕೋಣೆಯಲ್ಲಿ
ದುಂಡು ಮೇಜು ಸುತ್ತುತ್ತ
ಚಮಚದಿಂದ ಸೊರ್ರನೆ ಎಳೆದು
ನಾಲಗೆಯ ಅಂಚಿಗೆಲ್ಲ ಹರಡಿ
ಗಂಟಲಿಗಿಳಿಯುವ ಮುಂಚೆ ಪೀಕದಾನಿಗೆ.
ಇದು ಹುಳಿ. ಇದು ಮಣ್ಣುವಾಸನೆ.
ಇದು ತೊಟ್ಟಿಯಲ್ಲಿ ಒಂದು ರಾತ್ರಿ ಹೆಚ್ಚು ನೆನೆದದ್ದು.
ಉಗುಳಿದ್ದನ್ನು ಸಂಜೆ ನಂಜಿ ಮೋರಿಗೆ ಚೆಲ್ಲುತ್ತಾಳೆ,
ಅಲ್ಲಿಗೆ ಅದರ ಕಥೆ ಮುಗಿಯಿತು.

ಅಂದುಕೊಂಡಿದ್ದೆ.

ದೀಪಾವಳಿಗೆ ಲೋಕೇಶಿ (ತಮ್ಮ,
ಐ.ಜಿ. ರಸ್ತೆಯಲ್ಲಿ ಟೈರ್ ಅಂಗಡಿ)
ಒಂದು ಬಿಳಿ ಡಬ್ಬಿ ತಂದ. ಒಂದು ಕೊಂಡರೆ ಒಂದು ಉಚಿತ.
ಒಳಗೆ ಕೊಳವೆ, ಕೊಳವೆಯ ಮೇಲೆ ಗೆರೆ.
"ಇಲ್ಲೀತನಕ ಉಗುಳಕ್ಕ, ಸಾಕು.
ನಾವು ಯಾರು, ಎಲ್ಲಿಂದ ಬಂದೋರು,
ಏನಾಗಿ ಸಾಯ್ತೀವಿ, ಎಲ್ಲಾ ಫೋನಿಗೆ ಬರ್ತದೆ."
ಅವನದಾಗಲೇ ಬಂದಿತ್ತು.

ನಲವತ್ತು ಪುಟ, ಬಣ್ಣಬಣ್ಣದ ವೃತ್ತ.
ಹನ್ನೆರಡನೆಯದರಲ್ಲಿ:
ಕಹಿ ಗುರುತಿಸುವ ಶಕ್ತಿ ವಂಶದಲ್ಲಿ ಕಡಿಮೆ ಇರಬಹುದು.
ನಕ್ಕೆ. ಎಂಟು ಬಟ್ಟಲಲ್ಲಿ ಯಾವುದಕ್ಕೆ ಹಸಿಕಾಯಿ ಬಿದ್ದಿದೆಯೆಂದು
ಕಣ್ಣುಮುಚ್ಚಿ ಹೇಳುವವಳು ನಾನು.
ಇಪ್ಪತ್ತೊಂಬತ್ತನೇ ಪುಟಕ್ಕೆ ನಗು ನಿಂತಿತು.

ಅಮ್ಮನಿಗೆ ಮೊದಲು ಕೈ ನಡುಗಿತು,
ಆಮೇಲೆ ನಡೆ ಹೋಯಿತು, ಆಮೇಲೆ ನಮ್ಮ ಹೆಸರುಗಳು.
ಹಾಸನದ ಡಾಕ್ಟರು ಏನೋ ಹೇಳಹೊರಟಾಗ
"ಹೆಸರು ಬ್ಯಾಡ ಸ್ವಾಮಿ, ಮಾತ್ರೆ ಕೊಡಿ" ಅಂದಿದ್ದಳು.
ಹೆಸರಿಲ್ಲದ ಅದರ ಜೊತೆ ಒಂಬತ್ತು ವರ್ಷ ಬಾಳಿದಳು.
ಈಗ ಅದಕ್ಕೆ ಹೆಸರಿದೆ, ಶೇಕಡಾ ಇದೆ,
ಕೆಳಗೆ ಇರುವೆಯಕ್ಷರದಲ್ಲಿ: ಇದು ವೈದ್ಯಕೀಯ ಸಲಹೆಯಲ್ಲ.

ಮತ್ತೇನು ಇದು?

ತಮ್ಮನದು ಬಂದರೆ ನನ್ನದು ಅರ್ಧ ಬಂದಂತೆ.
ನನ್ನ ಮಗಳು ಸಿಂಚನಾ, ಹದಿನೇಳು; ಅವಳದು ಕಾಲುಭಾಗ.
ಅವಳು ಉಗುಳಿಲ್ಲ, ಯಾರೂ ಅವಳನ್ನು ಕೇಳಿಲ್ಲ.
"ಓದಿ ಒಪ್ಪಿದೆಯೇನೋ?" ಅಂದೆ.
"ಮೂವತ್ತೊಂದು ಪುಟ ಇತ್ತಕ್ಕ.
ರಾತ್ರಿ ಹನ್ನೆರಡಕ್ಕೆ ರಿಯಾಯಿತಿ ಮುಗೀತಿತ್ತು."

ನಮ್ಮಜ್ಜನಿಗೆ ಎಸ್ಟೇಟಿನಲ್ಲಿ ಚಿಪ್ಪಿನಲ್ಲಿ ಕಾಫಿ.
ಅವನ ತುಟಿ ತಾಗಿದ್ದನ್ನು ಆ ಮನೆಯವರು ಮುಟ್ಟುತ್ತಿರಲಿಲ್ಲ.
ಈ ಕಂಪನಿಗೆ ಯಾರ ಎಂಜಲೂ ಮೈಲಿಗೆಯಲ್ಲ,
ಅಂಚೆ ಖರ್ಚು ತಾನೇ ಹಾಕಿಕೊಂಡು ತರಿಸಿಕೊಳ್ಳುತ್ತದೆ.
ಖುಷಿಪಡಬೇಕೋ ಏನೋ.
ಅಜ್ಜ ಇದ್ದಿದ್ದರೆ ಕೇಳುತ್ತಿದ್ದ:
ಇಷ್ಟು ಪ್ರೀತಿ ಯಾಕಂತೆ?

ನಮ್ಮಲ್ಲಿ ಮೂಟೆಗೆ ಕೊಳವೆ ಚುಚ್ಚಿ ತೆಗೆದ
ಹಿಡಿ ಬೀಜಕ್ಕೂ ರಸೀದಿ. ತೋಟದ ಹೆಸರು, ತೇವದ ಲೆಕ್ಕ,
ಮಾಲೀಕ ಕೇಳಿದರೆ ಉಳಿದದ್ದು ವಾಪಸ್.
ತೂಕ-ಅಳತೆಯ ಇನ್ಸ್‌ಪೆಕ್ಟರ್ ಬಂದು
ಒಂದೊಂದು ಬಟ್ಟನ್ನೂ ತೂಗಿ ಮುದ್ರೆ ಒತ್ತುತ್ತಾರೆ,
ಸವೆದ ಕಬ್ಬಿಣವನ್ನು ಪಕ್ಕಕ್ಕಿಡಿಸುತ್ತಾರೆ.
ಅಮ್ಮನ ನಡುಕವನ್ನು ತೂಗಿದ ತಕ್ಕಡಿಯ ಮುದ್ರೆ
ಎಲ್ಲಿದೆಯೆಂದು ಹುಡುಕಿದೆ, ನಲವತ್ತು ಪುಟ, ಹಿಂದೆ ಮುಂದೆ.
ಫೋನ್ ಮಾಡಿದೆ. ಒಂದು ಒತ್ತಿ, ನಾಲ್ಕು ಒತ್ತಿ,
ಕೊನೆಗೆ ಶೀತವಾದ ಗಂಟಲಿನ ಒಬ್ಬ ಹುಡುಗಿ:
"ಅಳಿಸಬಹುದು ಮೇಡಂ. ಪಾಲುದಾರರಿಗೆ ಹೋದದ್ದು ಬಿಟ್ಟು."
ಪಾಲುದಾರರು!
ಅಮ್ಮ ಬಿಟ್ಟುಹೋದದ್ದಕ್ಕೆ
ನಾನು, ಲೋಕೇಶಿ, ಇಬ್ಬರೇ ಅಂದುಕೊಂಡಿದ್ದೆ.

ಹೋದ ವಾರ ವಿಮೆಯವನು ಬಂದ.
"ನಿಮ್ಮನೇಲಿ ಯಾರಿಗಾದ್ರೂ..." ಅಂದು ಪೆನ್ನೆತ್ತಿ ಕಾದ.
ಒಲೆ ಮೇಲೆ ಹಾಲಿದೆ ಅಂತ ಎದ್ದುಹೋದೆ.
ಹಾಲಿರಲಿಲ್ಲ.

ಉಚಿತದ ಡಬ್ಬಿ ಇನ್ನೂ ಕಪಾಟಿನ ಮೇಲಿದೆ.
ನಿನ್ನೆ ಬೆಳಿಗ್ಗೆ ಸಿಂಚನಾ, ಜಡೆ ಹೆಣೆದುಕೊಳ್ಳುತ್ತ,
ಮಾವನ ಫೋನಲ್ಲಿ ನೋಡಿದಳೋ ಏನೋ,
"ಅಮ್ಮಾ, ಇಪ್ಪತ್ತೊಂಬತ್ತನೇ ಪುಟ ನೀನು ಓದಿದ್ಯಾ?"
ನನ್ನ ಬಾಯಲ್ಲೊಂದು ಗುಟುಕಿತ್ತು.
ಮನೆಯ ಕಾಫಿ, ಇದನ್ನು ಉಗುಳುವ ರೂಢಿಯಿಲ್ಲ.
ಹಾಗೇ ಹಿಡಿದುಕೊಂಡೆ.
ಆರಿದ ಮೇಲೆ ಕಾಫಿ ಸುಳ್ಳು ಹೇಳುವುದಿಲ್ಲ ಅನ್ನುತ್ತಾರೆ ನಮ್ಮ ಕಸುಬಿನಲ್ಲಿ.
ಆರಿತು.
ಕಹಿ. ಚೆನ್ನಾಗಿಯೇ ತಿಳಿಯಿತು ನನಗೆ.