ಲೆಕ್ಕಕ್ಕೆ ಸಿಗದ ನೀರು

ಬಿಜೈ ಗುಡ್ಡೆಯ ಈಜುಕೊಳ ಇರಲಿಕ್ಕೋ ಹೋಗಲಿಕ್ಕೋ ಎಂದು
ಸಾರ್ವಜನಿಕರನ್ನು ಕರೆದಿದ್ದರು.
ನಾನೂ ಸಾರ್ವಜನಿಕಳೇ, ಹೋದೆ.
ಇಪ್ಪತ್ತೊಂಬತ್ತು ವರ್ಷ ಅದರ ಕಂಪೌಂಡಿನ ಕೆಳಗೆ ಬದುಕಿಯೂ
ಕಾಲು ಅದ್ದಿದವಳಲ್ಲ.

ಇಂಜಿನಿಯರು ಟೈಲ್ಸಿನ ಮೇಲೆ ಸೀಮೆಸುಣ್ಣದ ಗೆರೆ ತೋರಿಸಿದರು:
ನಿನ್ನೆ ಸಂಜೆ ಇಲ್ಲಿತ್ತು, ಇವತ್ತು ಇಲ್ಲಿ.
ರಾತ್ರಿಗೆ ನಾಲ್ಕು ಬೆರಳು ಇಳಿಯುತ್ತದೆ,
ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ.
ನನಗೆ ಗೊತ್ತುಂಟು.
ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕೂತೆ.

ಶಿವರಾತ್ರಿ ಕಳೆದರೆ ತಳ ಕಾಣುತ್ತಿದ್ದ ನನ್ನ ಬಾವಿಯಲ್ಲಿ
ನಾಲ್ಕು ಬೇಸಿಗೆಯಿಂದ, ಮೇ ತಿಂಗಳಲ್ಲೂ, ಐದು ಕೋಲು ನೀರು.
ಚಹಾಕ್ಕೆ ಸ್ವಲ್ಪ ಮದ್ದಿನ ವಾಸನೆ.
ನೆಂಟರು ಕೇಳಿದರೆ
ಮುರಕಲ್ಲಿನ ಗುಣ ಎನ್ನುತ್ತೇನೆ.

ಒಬ್ಬರಿಗೆ ಕಾರು ನಿಲ್ಲಿಸಲು ಮೂರು ಮಾಳಿಗೆ ಬೇಕು.
ಒಬ್ಬರಿಗೆ ಹೊಸ ಕೊಳ, ಮಾಡು, ಬಿಸಿನೀರು; ಟಿಕೇಟು ಮಾತ್ರ ಇನ್ನೂರು.
"ಎರಡು ಹೊಳೆ, ಒಂದು ಕಡಲು ಇರುವ ಊರಿಗೆ
ಸಿಮೆಂಟಿನ ಹೊಂಡ ಎಂತಕ್ಕೆ ಮಾರಾಯ್ರೆ?"
ಹಿಂದಿನ ಸಾಲಿನಿಂದ ಯಾರೋ. ಜನ ನಕ್ಕರು.

ಲೈಫ್‌ಗಾರ್ಡ್ ಲೋಕನಾಥ ಪುತ್ರನ್ ಎದ್ದ.
ಬೆಂಗ್ರೆಯವ. ಮೈಕು ಬೇಡ ಎಂದ.
"ಕಡಲಿಗೆ ಅಂಚಿಲ್ಲ, ಹಿಡಿದುಕೊಳ್ಳಲಿಕ್ಕೆ.
ನನ್ನ ಅಣ್ಣ ಬೋಟಿನವ. ಅವನಿಗೆ ಈಜು ಬರ್ತಿರಲಿಲ್ಲ."
ಅಷ್ಟೇ ಹೇಳಿ ಕೂತ.
ಫಿಲ್ಟರಿನ ಮೋಟಾರು ಗೊರಗೊರ ಎನ್ನುವುದು
ಆಮೇಲೆ ತುಂಬ ಹೊತ್ತು ಕೇಳಿಸಿತು.

ಐವತ್ತೆರಡಕ್ಕೆ ಈಜು ಕಲಿತ ಮೈಮೂನಾ
ಅರ್ಜಿಯಂತೆ ಬರೆದು ತಂದದ್ದನ್ನು ಓದಲಿಲ್ಲ, ಮಡಚಿದಳು:
"ನೆಲದಲ್ಲಿ ಈ ಮೊಣಕಾಲು ನನ್ನ ಮಾತು ಕೇಳುವುದಿಲ್ಲ.
ಇಲ್ಲಿ ಕೇಳುತ್ತದೆ, ವಾರಕ್ಕೆ ಮೂರು ಸಲ, ನಾಲ್ಕರಿಂದ ಐದು."

ಕೈ ಎತ್ತಿ ಎಂದರು.
ಕೆಡವಿದರೆ ನನ್ನ ಬಾವಿ ಬತ್ತುತ್ತದೆ.
ಬಿರುಕು ಮುಚ್ಚಿ ರಿಪೇರಿ ಮಾಡಿದರೂ ಬತ್ತುತ್ತದೆ.
ಇದ್ದ ಹಾಗೇ ಇರಲಿ, ಸೋರುತ್ತಾ ಇರಲಿ ಎನ್ನುವವರು ಯಾರು
ಎಂದು ಅವರು ಕೇಳಲೇ ಇಲ್ಲ.

ರಿಪೇರಿಗೆ ಎತ್ತಿದೆ. ಕಿವಿಯವರೆಗೆ ಬಂತು ಕೈ.
ಎಣಿಸುತ್ತಿದ್ದ ಹುಡುಗ ನನ್ನ ಹತ್ತಿರ ನಿಂತ:
"ಅಮ್ಮ, ಇದು ಓಟೋ, ತಲೆ ಕೆರೆದದ್ದೋ?"
ಓಟು ಮಗ, ಬರೆದುಕೋ ಎಂದೆ.

ಮನೆಗೆ ಬಂದು ಒಂದು ಕೊಡ ಸೇದಿದೆ.
ಬೇಕಿರಲಿಲ್ಲ.