ಮೂರು ಮನೆಯ ಪದ

ಹಲ್ ಬಂದರಿನ ಹಿಂದೆ, ಹೆಸಲ್ ರಸ್ತೆಯ ಅಡುಗೆಮನೆ.
ವಿನಿಫ್ರೆಡ್ ಆಕ್ಸ್‌ಟಬಿ ಪೆನ್ಸಿಲ್ಲನ್ನು ನಾಲಗೆಗೆ ಸೋಕಿಸುತ್ತಾಳೆ:
ಹನ್ನೊಂದು, ಅಡ್ಡ. ದಿಟವಲ್ಲದ್ದು. ಮೂರು ಮನೆ.
ನಡುಮನೆಯಲ್ಲಿ ಆಗಲೇ ಒಂದು ‘ಐ’ ನಿಂತಿದೆ,
ಮೇಲಿನ ಪದದಿಂದ ಇಳಿದು ಬಂದದ್ದು, ಕಂಬದ ಹಾಗೆ.

‘ಲೈ’ ಎಂದು ತುಂಬಬಹುದು. ‘ಫಿಬ್’ ಎಂದೂ.
ಮೊದಲಿನದು ಕಟಕಟೆಯದು.
ಮೂವತ್ತು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದ ಕೈಗೆ ಗೊತ್ತು:
ಆ ಪದ ಆಡಲು ವಕೀಲರೂ ಅಂಜಿ
“ಸಾಕ್ಷಿಯ ನೆನಪು ತುಸು ಧಾರಾಳ, ಮಹಾಸ್ವಾಮಿ” ಎನ್ನುತ್ತಿದ್ದರು.
ಇನ್ನೊಂದು, ಬಾಯಂಚಿಗೆ ಜಾಮ್ ಮೆತ್ತಿಕೊಂಡು
ಡಬ್ಬಿ ಮುಟ್ಟೇ ಇಲ್ಲ ಅನ್ನುವ ಮಗುವಿನದು.

ಮತ್ತೆ ಸಿರಿಲ್‌ನದು?
ಅವನ ತಕ್ಕಡಿಯಲ್ಲಿ ಹೆಬ್ಬೆರಳೂ ಹಾಡಕ್ ಮೀನೇ.
ಅದಕ್ಕಲ್ಲಿ ‘ಫಿಡಲ್’ ಅಂತಾರೆ, ಪಿಟೀಲಿಗೂ ಅದೇ ಹೆಸರು;
ಈ ಕಿಟಕಿಯ ಪರದೆ ಬಂದದ್ದು ಆ ರಾಗದಲ್ಲೇ.
ಅವಳು ಕೇಳಿದವಳಲ್ಲ. ಕೇಳಿಸಲಿಲ್ಲವೆಂದೂ ಅಲ್ಲ.

ಕೊನೆಯ ವಾರ, ಆಸ್ಪತ್ರೆಯಲ್ಲಿ:
ಈಸ್ಟರಿಗೆ ಮನೆಗೆ ಹೋಗ್ತೀನಲ್ಲ, ವಿನ್ನಿ?
ಹ್ಞೂಂ. ಪರದೆ ಕೂಡ ಒಗೆದಿಟ್ಟಿದ್ದೀನಿ.
ಒಗೆದಿರಲಿಲ್ಲ.

ಬಿಳಿ ಸುಳ್ಳು ಅಂತಾರೆ ಇಂಥದಕ್ಕೆ.
ಇಂಗ್ಲಿಷಿನಲ್ಲಿ ಅದಕ್ಕೆ ಎಂಟು ಮನೆ ಬೇಕು, ಇಲ್ಲಿ ಹಿಡಿಯದು.

ಪೆನ್ಸಿಲ್ ತಿರುತಿರುಗಿ ನಡುಮನೆಗೇ ಬರುತ್ತದೆ.
ಲೈ ಬರೆದರೂ ಫಿಬ್ ಬರೆದರೂ
ಆ ಐ ಕದಲುವುದಿಲ್ಲ.
ಅವಳ ಭಾಷೆಯಲ್ಲಿ ಐ ಎಂದರೆ ನಾನು.

ಅಂಚಿನ ಎರಡು ಮನೆ ಖಾಲಿ ಬಿಟ್ಟು
ಎದ್ದು, ಕುರ್ಚಿ ಹತ್ತಿ,
ಪರದೆಯ ಕೊಂಡಿಗಳನ್ನು ಒಂದೊಂದೇ ಬಿಚ್ಚುತ್ತಾಳೆ.