ವಾಲಿದ ರಿವೆಟ್

ಈ ಮಷೀನು ಇಲ್ಲಿತನಕ ತಿಂದದ್ದು
ಶಹಾಬಾದ ಕಲ್ಲು, ಸಿಮೆಂಟಿನ ಗಡ್ಡಿ, ಬೆರಳುದಪ್ಪ ಸರಳು.
ಹಲ್ಲು ಕಚ್ಚಿ ಎಳೀತದ, ಕಡೀಗೆ ಒಂದು ಸದ್ದು,
ನಾ ರಿಜಿಸ್ಟರಿನಾಗ ಅಂಕಿ ಬರೀತೀನಿ.
ಕಲಬುರಗಿಯ ಈ ಕಾಲೇಜಿನಾಗ ಮೂವತ್ತೊಂದು ವರ್ಷ.

ಇವತ್ತು ವಿಮಾನದ ಶಾಲಿಯಿಂದ
ಅಣವೀರ ತಂದಾನ ಹನ್ನೆರಡು ಪಟ್ಟಿ.
ಅಲ್ಯುಮಿನಿಯಂ. ಹಪ್ಪಳದಂಥ ಎರಡೆರಡು ತುಂಡು
ಒಂದರ ಅಂಚಿಗೆ ಒಂದರ ಅಂಚು ಮಲಗಿಸಿ
ನಡುವ ಒಂದೇ ರಿವೆಟ್.
"ಏನ್ ತಮ್ಮಾ, ಗುಂಡಿ ಹಚ್ಚಿದ ಅಂಗಿ ತಂದೀ?" ಅಂದೆ.
ನಗಲಿಲ್ಲ ಹುಡುಗ.

ರೆಕ್ಕಿಯ ಹೊಟ್ಟ್ಯಾಗ, ಕೈ ಹೋಗದ ಮೂಲ್ಯಾಗ
ಅವ ಬಡಿದ ಒಂಬತ್ತು ರಿವೆಟ್ ವಾಲ್ಯಾವಂತ.
ಹಿಂದ ಒತ್ತಿ ಹಿಡಿದ ಕಬ್ಬಿಣದ ಗಟ್ಟಿ ಜಾರಿತ್ತಂತ
ಬೆವರಿಗೋ, ನಿದ್ದಿಗೋ,
ಮೇ ತಿಂಗಳ ಮಧ್ಯಾಹ್ನ ಮೂರಕ್ಕೋ.
ಎರಡು ರಾತ್ರಿ ಯಾರ ಮುಂದೂ ಅನ್ನಲಿಲ್ಲ,
ಮೂರನೇ ಮುಂಜಾನಿ ತಾನಾಗೇ ಹೋಗಿ
ಸುಗಲಾ ಮೇಡಂ ಮುಂದ ನಿಂತ.
ಆಕಿ ಬೈಲಿಲ್ಲ. ಇಷ್ಟ ಅಂದಳಂತ:
"ಅದೇ ತಪ್ಪು ಮತ್ತ ಮಾಡು, ಬೇಕಂತ ಮಾಡು.
ಎಳಿಸಿ, ಅಂಕಿ ತಗೊಂಡು ಬಾ."

ಬೇಕಂತ ತಪ್ಪು ಮಾಡೂದು ಭಾಳ ಕಷ್ಟರೀ, ಅಂದ.
ಕೈ ಸುಮ್ಮ ನೆಟ್ಟಗ ಹೋಗತದ.

ಸಣ್ಣ ಹಿಡಿ ಜೋಡಿಸಿ ಕಚ್ಚಿಸಿದೆ.
ಇಷ್ಟು ಸಣ್ಣ ಅಂಕಿ ತೋರಸಾಕ
ಮುದಿ ಮಷೀನಿಗೂ ನಾಚಿಕಿ ಬಂದಿರಬೇಕು.
ನೆಟ್ಟಗ ಕೂತದ್ದು: ನೂರಾ ಎಪ್ಪತ್ತೆಂಟು ಕಿಲೋ. ಟಕ್.
ವಾಲಿದ್ದು: ನೂರಾ ಎಪ್ಪತ್ತೆರಡು.
ಮತ್ತೊಂದು ವಾಲಿದ್ದು: ನೂರಾ ಎಪ್ಪತ್ತೈದು.
"ಇನ್ನೊಮ್ಮೆ ನೋಡ್ರೀ ಮಶಾಕ ಕಾಕಾ." ನೋಡಿದೆ.
ಅಂಕಿ ಹಂಗ ನಿಂತಿತ್ತು.

ಉಳಿದ ನಾಕು ಬ್ಯಾರೆ ಥರ:
ವಾಲಿದ್ದನ್ನ ಕೊರೆದು ತೆಗೆದು
ಅದೇ ತೂತಿನಾಗ ಹೊಸದು ಬಡಿದವು.
ನೋಡಾಕ ಎಲ್ಲಾದಕ್ಕಿಂತ ಛಂದ, ತಲಿ ದುಂಡಗ.
ನೂರಾ ನಲವತ್ತಕ್ಕ ಸದ್ದ ಬರಲಿಲ್ಲ,
ಹರಿದ ಅರಿಬಿಯಂಗ ತಗಡೇ ಬಾಯಿಬಿಟ್ಟಿತು.
ಕೊರೆಯುವಾಗ ತೂತು ಮೊಟ್ಟಿಯಾಕಾರ ಆಗಿತ್ತು,
ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನನ್ನ ಎಡಗೈ ಸಣ್ಣಂದು ಮುರಿದು ವಾರೀ ಕೂಡ್ಯದ.
ದವಾಖಾನ್ಯಾಗ ಮತ್ತ ಮುರಿದು ಕೂಡಸೂಣು ಅಂದಾಗ
ಅಬ್ಬಾ ಬ್ಯಾಡಂದ, ರೊಕ್ಕ ಇರಲಿಲ್ಲ.
ಆ ಕೈಲೇ ಇಲ್ಲಿಯ ಕಲ್ಲೆಲ್ಲ ಎತ್ತೀನಿ.
ಹುಡುಗಗ ಇದನ್ನ ಹೇಳಲಿಲ್ಲ.

"ಹಂಗಾರ ಬಿಡೂದೇನ್ರೀ ಅವನ್ನ?"
ಅದನ್ನ ಮಷೀನು ಹೇಳೂದಿಲ್ಲ, ಅಂದೆ.
ಇದು ಎಳಿಯೂದು ಒಮ್ಮೆ. ಗಾಳಿ ದಿನಾ ಎಳೀತದ.
ಅಂಕಿ ಒಯ್ದು ನಿನ್ನ ಮೇಡಂಗ ಕೊಡು,
ಯಾವುದು ಇರಬೇಕು, ಯಾವುದು ಹೋಗಬೇಕು
ಆಕಿ ಸಹಿ ಮಾಡತಾಳ.

ತುಂಡಾದ ಪಟ್ಟಿ ಎಣಿಸಿ ಚೀಲಕ್ಕ ಹಾಕಿದ.
ಇಪ್ಪತ್ತನಾಕು ಚೂರು.
ಒಂದು ಅರ್ಧ ರಿವೆಟ್ ಫರಶಿ ಮ್ಯಾಲ ಉರುಳಿ
ನನ್ನ ಚಪ್ಪಲಿಗೆ ಬಡಿದು ನಿಂತಿತು, ವಾರೀಗೆ.